ಮರೆಪ್ಪ ಸರ್ ನಿಲ್ಲಿಸಿದ ಬಂಗಾಳಿ ಸಿನಿಮಾ

ಸಿನಿಮಾ ನಡೆಯುವಾಗ ಮರೆಪ್ಪ ಸರ್ ಬಾಯಿ ಮುಚ್ಚಿ ಕೂತದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಪರದೆಯ ಪಕ್ಕ ನಿಂತು, ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನೆಲ್ಲ ನಮ್ಮ ಮಾತಿಗೆ ತಿರುಗಿಸಿ ಗಟ್ಟಿಯಾಗಿ ಒದರುತ್ತಿದ್ದರು.

"ಸುಮ್ಮನಿರ್ರಿ, ನಮಗ ಇಂಗ್ಲಿಷ್ ಬರ್ತದ" ಎಂದು ನಮ್ಮ ಸಿನಿಮಾ ಬಳಗದ ಅಧ್ಯಕ್ಷ ವಕೀಲರು ಗದರಿದರೆ, "ನಿಮಗ ಬರ್ತದ್ರಿ. ಬರಲಾರದವರು ಏನು ಪಾಪ ಮಾಡ್ಯಾರ?" ಎನ್ನುತ್ತಿದ್ದರು. ಬರಲಾರದವರು ಅಲ್ಲಿ ಯಾರಿದ್ದಾರೆ ಎಂದು ನಾವು ನಗುತ್ತಿದ್ದೆವು.

ಅವರು ಗೋಗಿಯ ಹೈಸ್ಕೂಲ್ ಮಾಸ್ತರು. ತಿಂಗಳಿಗೊಂದು ರವಿವಾರ ಶೇರ್ ಆಟೋದಲ್ಲಿ ಪ್ರೊಜೆಕ್ಟರನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಶಹಾಪುರಕ್ಕೆ ಬರುತ್ತಿದ್ದರು. ಮದುವೆ ಹಾಲ್‌ನ ಕಿಟಕಿಗಳಿಗೆ ಕಂಬಳಿ ಕಟ್ಟಿ, ಮಟಮಟ ಮಧ್ಯಾಹ್ನ ಕತ್ತಲೆ ಮಾಡಿಕೊಂಡು ನಾವು ಸಿನಿಮಾ ನೋಡುತ್ತಿದ್ದೆವು. ವಕೀಲರು, ಡಾಕ್ಟರು, ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು. ಭಾರಿ ತಿಳಿದ ಮಂದಿ!

ಆ ರವಿವಾರ ಬಂಗಾಳಿ ಸಿನಿಮಾ. ಕಾದಂಬರಿಯಿಂದ ಮಾಡಿದ್ದು, ಪ್ರಶಸ್ತಿಗಳ ಮೇಲೆ ಪ್ರಶಸ್ತಿ ಪಡೆದದ್ದು. ಕಾದಂಬರಿಯನ್ನು ಸರ್ ಕನ್ನಡದಲ್ಲಿ ಮೂರು ಸಲ ಓದಿದ್ದರು. ಸಿನಿಮಾದಲ್ಲಿ ಬರಗಾಲ. ಒಬ್ಬ ಹೆಂಗಸು ಗಂಜಿ ಬೇಡುತ್ತ ದೊಡ್ಡ ಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಒಳಗೆ ಊಟ ನಡೆದಿದೆ, ಯಾರೂ ಕರೆಯುವುದಿಲ್ಲ. ನಾನು ಕರ್ಚೀಫು ಒದ್ದೆ ಮಾಡಿಕೊಂಡಿದ್ದೆ. ವಕೀಲರೂ ಮೂಗು ಒರೆಸುತ್ತಿದ್ದರು.

ಆಗ ಪರದೆಯ ಮೇಲೆ ಒಂದು ಪಟ್ಟಿ ಬಿಸಿಲು ಬಿತ್ತು.

"ಯಾರಂವ? ಬೆಳಕು ಬರಾಕತ್ತದ, ಕಂಬಳಿ ಬಿಡು!" ವಕೀಲರು ಕೂಗಿದರು.

ಸರ್ ಹೋಗಿ ನೋಡಿದರು. ಹಾಲ್‌ನ ಕಸ ಹೊಡೆದು, ಕುರ್ಚಿ ಹಾಕಿ, ನಮಗೆ ಚಹಾ ಮಾಡುವ ಹಣಮವ್ವ ಹೊರಗೆ ನಿಂತು ಕಂಬಳಿಯ ತುದಿ ಎತ್ತಿ ಸಿನಿಮಾ ನೋಡುತ್ತಿದ್ದಳು. ಸರ್ ಬಂದವರೇ ಮಷೀನು ಬಂದ್ ಮಾಡಿದರು.

"ಹಣಮವ್ವ, ಒಳಗ ಬಾ ಯವ್ವ. ಕುಂದ್ರು."

"ಬ್ಯಾಡ್ರಿ ಸರ" ಎಂದಳು ಆಕೆ.

"ಕುರ್ಚಿ ಮೆಂಬರಿಗಷ್ಟೇ ಅವ. ಮೊದಲು ಸಿನಿಮಾ ಹಚ್ರಿ" ಎಂದರು ವಕೀಲರು. ಆರು ಕುರ್ಚಿ ಖಾಲಿ ಇದ್ದವು.

"ಹಚ್ಚಂಗಿಲ್ಲ" ಎಂದರು ಸರ್. "ಬಂಗಾಲದಾಕಿ ಬಾಗಲದಾಗ ನಿಂತರ ಅಳ್ತೀರಿ. ನಮ್ಮಾಕಿ ಕಿಡಕ್ಯಾಗ ನಿಂತರ ಬೆಳಕು ಬರ್ತದಂತೀರಿ. ಕಣ್ಣೀರು ಪುಕ್ಕಟ ಸಿಗ್ತಾವ, ಕುರ್ಚಿ ಸಿಗಂಗಿಲ್ಲೇನು? ಥೂ!"

"ತನ್ನ ಮಂದಿ ಅಂದಕೂಡ್ಲೆ ಹೆಂಗ ಹಾರ್ತಾನ ನೋಡು" ಎಂದು ನನ್ನ ಹಿಂದೆ ಯಾರೋ ಗೊಣಗಿದರು. ಅದು ನನಗೆ ಕೇಳಿಸಿತು. ಕೇಳಿಸಿಯೂ ನಾನು ಕೂತೇ ಇದ್ದೆ. ಒಬ್ಬರೂ ಏಳಲಿಲ್ಲ. ಸರ್ ಪ್ರೊಜೆಕ್ಟರ್ ಕಟ್ಟಿಕೊಂಡು ಮೆಟ್ಟಿಲಿಳಿದು ಹೋದರು. ಅದೇ ಕೊನೆ, ಬಳಗದ ಕಡೆಗೆ ಅವರು ಮತ್ತೆ ತಲೆ ಹಾಕಲಿಲ್ಲ.

ಮುಂದೊಮ್ಮೆ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಅಲ್ಲಿಗೆ ವರ್ಗವಾಗಿತ್ತಂತೆ. "ಅವತ್ತ ನೀವಾದ್ರೂ ಏಳ್ತೀರಿ ಅಂತ ಮಾಡಿದ್ದೆರಿ, ಮೇಡಂ" ಎಂದರು. ನನಗೆ ಮೈ ಉರಿದುಹೋಯಿತು. ಕೇಳಲು ಇವರ್ಯಾರು? ಊರಿಗೆ ಮರಳುವ ಬಸ್ಸು ಭೀಮರಾಯನಗುಡಿ ದಾಟುವ ಹೊತ್ತಿಗೆ ಆ ಸಿಟ್ಟು ಅವರನ್ನು ಬಿಟ್ಟು ನನ್ನ ಕಡೆಗೇ ತಿರುಗಿತ್ತು. ಇನ್ನೂ ಹೋಗಿಲ್ಲ.

ಮರೆಪ್ಪ ಸರ್ ಹೋದ ತಿಂಗಳು ತೀರಿಕೊಂಡರು. ಬಳಗದವರು ಅದೇ ಹಾಲ್‌ನಲ್ಲಿ ಫೋಟೋಕ್ಕೆ ಹಾರ ಹಾಕಿ, ಶ್ರದ್ಧಾಂಜಲಿಯೆಂದು ಅದೇ ಸಿನಿಮಾ ಇಟ್ಟಿದ್ದರು. ವಕೀಲರು "ಮಹಾ ಮಾನವತಾವಾದಿ" ಎಂದು ಭಾಷಣ ಬಿಗಿಯುತ್ತಿದ್ದರು. ಏನು ನಾಲಿಗೆಯೋ ಅದು! ನನಗೆ ಕೂರಲಾಗಲಿಲ್ಲ. ಒಂದು ಕುರ್ಚಿ ಎತ್ತಿಕೊಂಡು ಹಿಂದೆ ಹೋದೆ. ಹಣಮವ್ವ ಚಹಾ ಸೋಸುತ್ತಿದ್ದಳು.

"ಹಣಮವ್ವ, ಒಳಗ ಬಾ. ನನ್ನ ಬಾಜೂಕ ಕುಂದ್ರು" ಎಂದೆ.

ಆಕೆ ಕುರ್ಚಿ ನೋಡಿದಳು, ನನ್ನನ್ನು ನೋಡಿದಳು.

"ಆ ಸಿನಿಮಾ ನಾ ಪೂರಾ ನೋಡೀನ್ರಿ. ಸರ್ ಎದ್ದು ಹೋದ ಮುಂದಿನ ರವಿವಾರನ ನಮ್ಮ ಓಣಿಗಿ ಬಂದು, ನಮ್ಮ ಗ್ವಾಡಿ ಮ್ಯಾಲ ತೋರ್ಸಿದ್ರು. ಎಲ್ಲ ಕನ್ನಡದಾಗ ಹೇಳಿದ್ರು, ಕಡೀತನ." ಮತ್ತೆ ಚಹಾ ಸೋಸತೊಡಗಿದಳು. "ನೀವ ಅರ್ಧಕ್ಕ ಬಿಟ್ಟೀರಿ. ಹೋಗ್ರಿ, ಕುಂತು ನೋಡ್ರಿ."