ಪೆನ್ಸಿಲ್ ಗೆರೆ ದಾಟಿದ ಹಸಿರು

ಮೈಮೇಲೆ ದೆವ್ವ ಬಂತೆಂದು ತರಗತಿಯಲ್ಲಿ ಬಿದ್ದ ಹುಡುಗಿಯರಿಗೆ ಸಕ್ಕರೆ ನೀರು ಕುಡಿಸಿ, ಬೆಳಿಗ್ಗೆ ಏನು ತಿಂದಿದ್ದೆ ಎಂದು ಗದರುವ ಮಾಸ್ತರ ನಾನು. ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿ ಇಷ್ಟು ವರ್ಷ ವಿಜ್ಞಾನ ಕಲಿಸಿದ್ದೇನೆ. ಮಂತ್ರಿಸಿ ದಾರಿಗೆ ಎಸೆದ ನಿಂಬೆಹಣ್ಣು ಸಿಕ್ಕರೆ ತಂದು ಪಾನಕ ಮಾಡಿಕೊಂಡು ಕುಡಿದವನು. ಇಂಥವನು ಈಗ ಹೇಳುವುದನ್ನು ಕೇಳಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನನ್ನ ತಂಗಿ ಮಾದೇವಿಯನ್ನು ಆಳಂದ ತಾಲೂಕಿನ ಹಿರೋಳ್ಳಿಗೆ ಕೊಟ್ಟಿದ್ದೆವು. ಗಂಡ ಶರಣಪ್ಪ ಲಾರಿ ಡ್ರೈವರ್. ಇಲ್ಲಿಂದ ತೊಗರಿಬೇಳೆ ಹೇರಿಕೊಂಡು ಉತ್ತರದ ಬೆಟ್ಟದ ಊರುಗಳಿಗೆ ಹೋಗಿ, ಬರುವಾಗ ಸೇಬು ಹೇರಿಕೊಂಡು ಬರುತ್ತಿದ್ದ. ಅವನ ಜೊತೆ ಇನ್ನೊಬ್ಬ ಡ್ರೈವರ್, ಅಫಜಲಪುರ ಕಡೆಯ ಕರಜಗಿಯ ಮಹಿಬೂಬ. ಒಂದು ಮಳೆಗಾಲ ಇಬ್ಬರೂ ಕೂಡಿ ಒಯ್ದ ಲಾರಿಯನ್ನು ಮಹಿಬೂಬ ಒಬ್ಬನೇ ವಾಪಸು ತಂದ.

"ಏರಿನ್ಯಾಗ ಗಾಡಿ ಹಿಂದಕ್ಕ ಜಾರಾಕತ್ತಿತ್ರಿ ಸರ. ನಾ ಬ್ರೇಕ್ ತುಳಕೊಂಡು ಕುಂತಿದ್ದೆ. ಶರಣಪ್ಪ ಜಿಗಿದು ಗಾಲಿಗೆ ಕಟ್ಟಿಗಿ ಕೊಟ್ಟ, ಗಾಡಿ ನಿಂತಿತು. ಅಷ್ಟರಾಗ ಮ್ಯಾಲಿನ ಗುಡ್ಡ ಕುಸೀತು. ಆಮ್ಯಾಲ ಇಳಿದು ನೋಡಿದ್ರ ಕಟ್ಟಿಗಿ ಅಲ್ಲೇ ಇತ್ರಿ, ಅವ ಇರಲಿಲ್ಲ."

ಎಂಟು ದಿನ ಹುಡುಕಿದರೂ ಹೆಣ ಸಿಗಲಿಲ್ಲ. ಮಹಿಬೂಬ ಆ ಕಟ್ಟಿಗೆ ತುಂಡನ್ನು ತಂಗಿಯ ಮುಂದಿಟ್ಟು, "ವೈನಿ, ನನ್ನ ಜೀವ ಉಳಿಸಿದ್ದು ಇದು. ನಿಮ್ಮನ್ಯಾಗ ಇರ್ಲಿ" ಎಂದು ಗೋಳೋ ಎಂದು ಅತ್ತ.

ಅದು ಮೊಳದುದ್ದದ ದೇವದಾರು ತುಂಡು. ಒಂದು ಮಗ್ಗುಲಲ್ಲಿ ಅಂಗೈಯಗಲ ಬೂದು ಪದರ, ಅದರ ತುಂಬ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ನೋಡಿದ ಕೂಡಲೇ ಗುರುತು ಹಿಡಿದೆ, ಲೈಕೆನ್. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗ. ಆದರೆ ಇದಕ್ಕೆ ಎಲೆಯಿಲ್ಲ, ಕಟ್ಟಿಗೆಗೆ ಸುಣ್ಣ ಬಳಿದ ಹಾಗೆ ಹತ್ತಿಕೊಂಡಿರುತ್ತದೆ, ಉಗುರಿನಿಂದ ಕೆರೆದರೂ ಏಳುವುದಿಲ್ಲ. ಬೆಟ್ಟದ ತಂಪಿನಲ್ಲಿ ವರ್ಷಕ್ಕೆ ಕೂದಲೆಳೆಯಷ್ಟು ಬೆಳೆಯುವಂಥದ್ದು. ಒಣಗಿದಾಗ ಬೂದು. ಜೀವವಿದ್ದರೆ ನೀರು ಬಿದ್ದೊಡನೆ ಹಸಿರಾಗುತ್ತದೆ.

ಮಾದೇವಿ ಅದನ್ನು ತಲೆಬಾಗಿಲು ಮುಚ್ಚದಂತೆ ಅಡ್ಡ ಇಟ್ಟಳು. ಹಗಲೂ ರಾತ್ರಿ ಬಾಗಿಲು ತೆರೆದೇ ಇರುತ್ತಿತ್ತು. ಮೂರು ವರ್ಷ ಹೀಗೇ ನಡೆಯಿತು. ಅವಳ ಅತ್ತೆಯದು ಒಂದೇ ಗೋಳು: "ನನ್ನ ಮಗಗ ಒಂದು ಹಿಡಿ ಮಣ್ಣರ ಕೊಡ್ರಿ. ಅವ ಎಲ್ಲಿ ನಿಂತಾನೋ ಏನೋ." ಹೊಲದಲ್ಲಿ ಕುಣಿ ತೋಡಿ, ಅವನ ಬಟ್ಟೆ ಇಟ್ಟು ಮಣ್ಣು ಕೊಡಬೇಕು, ಮಾದೇವಿ ಕುಂಕುಮ ಅಳಿಸಬೇಕು. ಮಾದೇವಿ ಒಲ್ಲೆ ಎಂದಳು. ಆ ಕಟ್ಟಿಗೆ ತೋರಿಸಿ, "ಗಾಲಿ ಹಿಡಿದದ್ದು ಇನ್ನೂ ಬಣ್ಣ ಕೆಟ್ಟಿಲ್ಲ, ಅವರು ಸತ್ತಾರಂತ ಹ್ಯಾಂಗ ಅನ್ಲಿ?" ಎನ್ನುತ್ತಿದ್ದಳು. ಎಲ್ಲರೂ ನನ್ನ ಬೆನ್ನು ಹತ್ತಿದರು. ನೀವು ಮಾಸ್ತರ್ರು, ನಿಮ್ಮ ಮಾತು ಕೇಳ್ತಾಳ.

ದೀಪಾವಳಿಗೆ ಹೋದಾಗ ನಾನೊಂದು ಜಾಣತನ ಮಾಡಿದೆ. ಅವಳ ಕಣ್ಣೆದುರೇ ಆ ತುಂಡನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟೆ. ಮರುದಿನ ತೆಗೆದರೆ ಬೂದು ಬೂದಾಗಿಯೇ ಇತ್ತು, ಎಲ್ಲೂ ಹಸಿರಿಲ್ಲ. "ನೋಡು, ಇದು ಸತ್ತದ. ನಮ್ಮ ಬಿಸಿಲಿಗೆ ಎಂದೋ ಸತ್ತದ. ಸತ್ತ ಮ್ಯಾಲೂ ಬಣ್ಣ ಹಂಗೇ ಇರ್ತದ ಮಾದೇವಿ." ಸಾಲದ್ದಕ್ಕೆ ಪದರದ ಅಂಚಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಜೀವವಿದ್ದರೆ ಈ ಗೆರೆ ದಾಟಲಿ ಎಂದೆ. ಅವಳು ಆ ಗೆರೆಯನ್ನೇ ಬಹಳ ಹೊತ್ತು ನೋಡಿ, "ಆತು ಅಣ್ಣ, ಬ್ಯಾಸಗಿ ರಜಾದಾಗ ನೀ ಬಂದು ನಿಂತು ಮಣ್ಣು ಕೊಡ್ಸು" ಎಂದಳು. ನನ್ನ ವಿಜ್ಞಾನ ಗೆದ್ದಿತೆಂದು ನನಗೆ ಒಳಗೊಳಗೇ ಖುಷಿಯಾಗಿತ್ತು. ಆ ಖುಷಿ ನೆನೆದರೆ ಈಗ ನಾಚಿಕೆಯಾಗುತ್ತದೆ.

ಮೇ ತಿಂಗಳ ನಡುಮಧ್ಯಾಹ್ನ ಅದು. ಕಲಬುರಗಿ ಕಡೆಯ ಬಿಸಿಲು ನಿಮಗೇನು ಹೇಳುವುದು, ಪರಸಿ ಕಲ್ಲಿನ ಮೇಲೆ ಕಾಲಿಟ್ಟರೆ ಚುರ್ ಎನ್ನುತ್ತದೆ. ಗಂಡಸರು ಕುಣಿ ತೋಡಲು ಹೊಲಕ್ಕೆ ಹೋಗಿದ್ದರು. ಒಳಕೋಣೆಯಲ್ಲಿ ಹೆಂಗಸರ ನಡುವೆ ಮಾದೇವಿ ಕುಳಿತಿದ್ದಳು. ಇನ್ನರ್ಧ ಗಂಟೆಯಲ್ಲಿ ಅವಳನ್ನು ಕರೆದೊಯ್ಯಬೇಕಿತ್ತು. ನಾನು ಬಾಗಿಲ ಬಳಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದೆ.

ಪಾದಕ್ಕೆ ಚಳಿ ಹತ್ತಿತು. ಕಣ್ಣು ತೆರೆದು ನೋಡಿದೆ. ಆ ಕಟ್ಟಿಗೆ ತೊಟ್ಟಿಕ್ಕುತ್ತಿತ್ತು. ಬೂದು ಪದರ ಎಳೆ ಹುಣಸೆ ಚಿಗುರಿನಷ್ಟು ಹಸಿರಾಗಿತ್ತು. ಪೆನ್ಸಿಲ್ ಗೆರೆ ದಾಟಿ ಹೆಬ್ಬೆರಳಗಲ ಮುಂದೆ ಬಂದಿತ್ತು. ಮುಟ್ಟಿದರೆ ಬಾವಿಯ ತಳದ ಕಲ್ಲಿನ ತಂಪು. ತಲೆ ಎತ್ತಿ ಮಾಡು ನೋಡಿದೆ, ಕೊಡ, ತಂಬಿಗೆ ಎಲ್ಲ ನೋಡಿದೆ. ಸೋರುವಂಥದ್ದು ಒಂದೂ ಇರಲಿಲ್ಲ. ಅಯ್ಯೋ ಶಿವನೇ ಎಂದು ಬಾಯಿಂದ ಬಂತು. ನಾನು ದೇವರನ್ನು ಕರೆದದ್ದು ಅವತ್ತೇ ಮೊದಲು.

ಅವಳನ್ನು ಕೂಗಬೇಕಿತ್ತು. ನಾನು ಎಳೆದ ಗೆರೆ ನಂಬಿ ಅವಳು ಒಪ್ಪಿದ್ದಳು. ಆ ಗೆರೆ ಸುಳ್ಳಾಯಿತೆಂದು ಹೇಳುವುದು ನನ್ನ ಧರ್ಮವಾಗಿತ್ತು. ಆದರೆ ಹೇಳಿದರೆ ಇವಳು ಸಾಯುವವರೆಗೆ ಆ ಬಾಗಿಲಿನಲ್ಲೇ ಕೂಡುತ್ತಾಳೆ ಎಂದು ಭಯವಾಯಿತು. ನನಗೂ ಭಯವಾಗಿತ್ತು, ಅದನ್ನೇಕೆ ಮುಚ್ಚಿಡಲಿ. ಟವೆಲಿನಲ್ಲಿ ತುಂಡನ್ನು ಸುತ್ತಿ ನನ್ನ ಚೀಲಕ್ಕೆ ತುರುಕಿದೆ. ಅಡ್ಡ ತೆಗೆದದ್ದೇ ತಡ, ಬಿಸಿಗಾಳಿಗೆ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು.

ಒಳಗಿನಿಂದ ಮಾದೇವಿ ಕೂಗಿದಳು. "ಯಾರು ಬಂದ್ರು ಅಣ್ಣ?"

"ಯಾರಿಲ್ಲವ್ವ, ಗಾಳಿ" ಎಂದೆ.

ಕಾರ್ಯ ಮುಗಿಯಿತು. ಅವಳು ಅಳಲಿಲ್ಲ. ಕಟ್ಟಿಗೆ ಎಲ್ಲಿ ಎಂದು ಕೇಳಿದಾಗ, ಯಾರೋ ಒಲೆಗೆ ಹಾಕಿರಬೇಕು ಎಂದುಬಿಟ್ಟೆ. ಕೊಳಕೂರಿಗೆ ಬಂದು ಚೀಲ ಬಿಚ್ಚಿದರೆ ಟವೆಲು ಹಿಂಡುವಷ್ಟು ಒದ್ದೆ, ತುಂಡು ಮಾತ್ರ ಒಣಗಿ ಬೂದಾಗಿತ್ತು. ಆದರೆ ಗೆರೆ ದಾಟಿದ ಪದರ ಹಿಂದೆ ಸರಿದಿರಲಿಲ್ಲ. ಇವತ್ತಿಗೂ ಹಾಗೇ ಇದೆ. ಒಮ್ಮೆ ಮಹಿಬೂಬನಿಗೆ ತೋರಿಸಿದೆ. "ಇಷ್ಟು ಹಬ್ಬಿರಲಿಲ್ರಿ ಇದು" ಎಂದವನು ಕೈ ಹಿಂದಕ್ಕೆಳೆದುಕೊಂಡ. ಎಷ್ಟೋ ಸಲ ನೀರು ಹಾಕಿ ನೋಡಿದ್ದೇನೆ, ಹಸಿರಾಗಿಲ್ಲ. ಪುಸ್ತಕಗಳನ್ನೆಲ್ಲ ತಿರುವಿ ಹಾಕಿದ್ದೇನೆ, ಬಿಸಿಲಿಗೆ ಸತ್ತದ್ದು ದೀಪಾವಳಿಯಿಂದ ಮೇ ತಿಂಗಳೊಳಗೆ ಅಷ್ಟು ಬೆಳೆಯುವುದು ಯಾವ ಪುಸ್ತಕದಲ್ಲೂ ಇಲ್ಲ.

ಹೋದ ವರ್ಷ ಹಿರೋಳ್ಳಿಗೆ ಹೋಗಿದ್ದೆ. ಮಾದೇವಿ ಈಗಲೂ ಬಾಗಿಲು ಮುಚ್ಚುವುದಿಲ್ಲ, ಇಟ್ಟಂಗಿ ಅಡ್ಡ ಇಡುತ್ತಾಳೆ. ನಾನು ಚಹಾ ಕುಡಿದಿಟ್ಟ ಕಪ್ ಎತ್ತಿಕೊಳ್ಳುತ್ತ, ಏನೋ ಸುಮ್ಮನೆ ನೆನಪಾದವಳ ಹಾಗೆ ಕೇಳಿದಳು: "ಅಣ್ಣ, ಅವತ್ತು ನಾ ಹೊರಗ ಬರುವಾಗ ಬಾಗಲದಾಗ ಪರಸಿ ಹಸಿ ಇತ್ತು. ನೀರು ಯಾರು ಚೆಲ್ಲಿದ್ರು?"

"ನಾನೇ. ತಂಬಿಗಿ ಕೈ ಜಾರಿತ್ತು."

ಅವಳು ನನ್ನ ಮುಖ ನೋಡಿದಳು. "ಭಾಳ ತಂಪಿತ್ತು, ಅದಕ್ಕ ಕೇಳಿದೆ" ಎಂದು ಕಪ್ ತೊಳೆಯಲು ಒಳಗೆ ಹೋದಳು.