ಹಿತ್ತಲ ಕೋಣೆಯ ಷರತ್ತು

ಹೊಸಪೇಟೆಯಲ್ಲಿ ಮನೆಯ ಮೇಲೆ ಸಾಲ ಕೊಡುವ ಸಾಹುಕಾರ್ತಿಯೊಬ್ಬರಿದ್ದರು. ಯಾರು ಸಾಲ ಕೇಳಿ ಬಂದರೂ, "ಮೊದ್ಲ ಗ್ವಾಡಿ ನೋಡೂಣು ನಡೀರಿ" ಎನ್ನುತ್ತಿದ್ದರು. ತುಂಗಭದ್ರೆಗೆ ಅಣೆಕಟ್ಟೆಯ ಕೆಲಸ ಶುರುವಾಗಿ ಊರಿಗೆ ಜನ ಬರುತ್ತಿದ್ದ ಕಾಲ ಅದು. ಬಾಡಿಗೆಗೆ ಕೊಡಲೆಂದು ಸ್ಟೇಷನ್ ಹತ್ತಿರದ ಹಳೆಯ ಮನೆಯೊಂದನ್ನು ಕೊಳ್ಳಲು ನಾನು ಹೊರಟಿದ್ದೆ. ಬ್ಯಾಂಕಿನವರು ಸಾಲ ಆಗುವುದಿಲ್ಲ ಎಂದಿದ್ದರಿಂದ ಇವರನ್ನೇ ಕೇಳಿ, ಮನೆ ತೋರಿಸಲು ಕರೆದೊಯ್ದೆ.

ಸಾಹುಕಾರ್ತಿ ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಹಿತ್ತಲ ಕೋಣೆಗೆ ಬಂದರು. ಅಲ್ಲಿ ಮುದುಕಿಯೊಬ್ಬಳು ರೊಟ್ಟಿ ಬಡಿಯುತ್ತಿದ್ದಳು.

"ಈಕಿ ಯಾರ್ರಿ?"

"ಹಳೇ ಬಾಡಿಗಿಯಾಕಿ. ಬಿಡಿಸ್ತೀನ್ರಿ."

"ಬ್ಯಾಡ. ಸಾಲ ಆರು ತಿಂಗಳದ್ದು, ಬಡ್ಡಿ ಭಾಳ, ಒಂದು ಕಾಸೂ ಬಿಡಂಗಿಲ್ಲ. ಸಾಲ ತೀರೋತನಕ ಈಕಿ ಇಲ್ಲೇ ಇರಬೇಕು. ಒಪ್ಪಿದ್ರ ಪತ್ರ ಬರಸ್ರಿ."

ಸಿಟ್ಟು ಬಂದರೂ ಒಪ್ಪಿದೆ. ಮುಂದಿನ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಹೆಂಡತಿಯ ಬಳೆಗಳನ್ನೂ ಮಾರಿ, ಗಡುವಿನೊಳಗೆ ಸಾಲ ತೀರಿಸಿದೆ. ಪತ್ರ ಹಿಂದಿರುಗಿಸುವಾಗ ಸಾಹುಕಾರ್ತಿ, "ಇನ್ನ ಮನಿ ನಿಮ್ದು. ನಾ ಏನೂ ಹೇಳಂಗಿಲ್ರಿ" ಎಂದರು. ಆದರೂ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡಿದರು.

ನಾನು ಹಿತ್ತಲ ಕೋಣೆಗೆ ಬರುವಷ್ಟರಲ್ಲಿ ಸಾಲ ತೀರಿದ ಸುದ್ದಿ ಮುದುಕಿಗೆ ಮುಟ್ಟಿತ್ತು. ಪಾತ್ರೆಗಳನ್ನು ಗಂಟು ಕಟ್ಟುತ್ತಿದ್ದಳು.

"ಗಂಟು ಬಿಚ್ಚಬೇ ಯವ್ವಾ," ಎಂದೆ. "ಎಲ್ಲಿಗೂ ಹೋಗಬ್ಯಾಡ."