ನಾನು ಕೇಳಿದ್ದು, ನನಗೆ ಕೇಳದ್ದು

ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ನನ್ನ ಅಕ್ಕ ಫೋನಿನಲ್ಲಿ ಹೇಳಿದರೆ ನಾನು "ಒಳ್ಳೇದಾಯ್ತು ಬಿಡಕ್ಕಾ" ಅಂದೆನಂತೆ. ನನ್ನ ಕಷ್ಟ ಎಲ್ಲಿಗೆ ಮುಟ್ಟಿತ್ತೆಂದು ಇದನ್ನು ಓದುವ ಪೆರುಮಾಳ್ ಸ್ವಾಮಿಯ ಭಕ್ತರಿಗೆ ತಿಳಿಯಲು ಇಷ್ಟು ಸಾಕು.

ನಮ್ಮದು ತಮಿಳುನಾಡಿನ ಕಂಬಂ ಪಕ್ಕದ ಊರು, ದ್ರಾಕ್ಷಿ ತೋಟದ ಮನೆ. ಅಕ್ಕ ಇರುವುದು ಬೋಡಿಯಲ್ಲಿ. ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳೇ. ಮನಸ್ಸು ಬಿಚ್ಚಿ ನಮ್ಮ ಮಾತಿನಲ್ಲಿ ಹರಟಲು ನನಗಿದ್ದವಳು ಅಕ್ಕ ಒಬ್ಬಳೇ. ಸಂಜೆ ದೀಪ ಹಚ್ಚಿದ ಮೇಲೆ ಅವಳ ಫೋನು ಬರಲೇಬೇಕು. ಒಂದೆರಡು ವರ್ಷದಿಂದ ಅವಳ ಮಾತು ಬರೀ ಗುಜುಗುಜು ಎನ್ನುತ್ತಿತ್ತು. ಕೇಳಲಿಲ್ಲ ಎನ್ನಲು ನನಗೆ ನಾಚಿಕೆ. ಅಂದಾಜಿನ ಮೇಲೆ ಹೂಂ, ಸರಿ, ಒಳ್ಳೇದಾಯ್ತು ಎಂದು ಸಾಗಿಸುತ್ತಿದ್ದೆ. ಬಿದ್ದು ನರಳುತ್ತಿದ್ದವಳಿಗೆ ಆ ಮಾತು ಎದೆಗೆ ಚುಚ್ಚಿತು. ಅವಳ ಫೋನು ನಿಂತುಹೋಯಿತು. ನಾನು ಮಾಡಿದರೂ ಎತ್ತಲಿಲ್ಲ.

ಸೊಸೆ ಅಕ್ಕನ ಮನೆಯವರಿಂದ ವಿಷಯ ತಿಳಿದು, ಕೂಡಲೇ ಕಿವಿ ತೋರಿಸಲು ನನ್ನನ್ನು ತೇನಿಯ ಬಸ್ಸು ಹತ್ತಿಸಿ ತಾನೂ ಜೊತೆಗೆ ಬಂದಳು. ಕಂಡಕ್ಟರು ಚಿಲ್ಲರೆ ಕೇಳಿದರೆ ನಾನು "ಇಬ್ಬರೇ" ಎಂದೆ, ಹಿಂದಿನ ಸೀಟಿನವರು ನಕ್ಕರು. ಆಸ್ಪತ್ರೆಯಲ್ಲಿ ಹೆಡ್‌ಫೋನು ಹಾಕಿ ಪರೀಕ್ಷೆ ಮಾಡಿದರು. ನರ ಸೋತಿದೆ, ಮಾತ್ರೆಯಿಂದ ಆಗದು, ಎರಡೂ ಕಿವಿಗೆ ಮಿಷಿನು ಬೇಕು, ತಡ ಮಾಡಬೇಡಿ ಎಂದರು ಡಾಕ್ಟರು. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಅದನ್ನು ಸಿಕ್ಕಿಸಿಕೊಂಡು ಮದುವೆಗೆ ಹೋದರೆ ಜನ ನನ್ನ ಓಲೆ ಬಿಟ್ಟು ಅದನ್ನೇ ನೋಡುತ್ತಾರಲ್ಲ ಎಂಬ ಚಿಂತೆ ನನಗೆ. ಯಜಮಾನರು ಸುಮ್ಮನಿರುತ್ತಾರೆಯೇ? ಕಿವಿ ಚೆನ್ನಾಗಿದ್ದಾಗಲೇ ಇವಳು ನನ್ನ ಮಾತು ಕೇಳಿದವಳಲ್ಲ ಎಂದರು.

ಕೊನೆಗೆ ಸ್ವಾಮಿಗೇ ಬಿಟ್ಟೆ. ನಮ್ಮಲ್ಲಿ ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ದೇವರ ಮುಂದೆ ಕೂತು ಮನಸ್ಸಿನಲ್ಲೇ ಕೇಳುತ್ತೇವೆ. ಹಲ್ಲಿ ನುಡಿದರೆ ಅಪ್ಪಣೆ ಸಿಕ್ಕಂತೆ, ನುಡಿಯದಿದ್ದರೆ ಇಲ್ಲ. ಕೇಳಿದ್ದನ್ನು ಯಾರಿಗೂ ಹೇಳಬಾರದು. ಆಗ ತಮಿಳು ಪಂಚಾಂಗದ ಪುರಟಾಸಿ ತಿಂಗಳು, ಶನಿವಾರಗಳು ಪೆರುಮಾಳಿಗೆ ವಿಶೇಷ. ತುಳಸಿ ಏರಿಸಿ, ದೀಪದ ಮುಂದೆ ಕಣ್ಣು ಮುಚ್ಚಿ, ಈ ಮಿಷಿನು ಹಾಕಿಕೊಳ್ಳಲೇ ಸ್ವಾಮಿ ಎಂದು ಕೇಳಿದೆ. ಏನೂ ಇಲ್ಲ. ಮುಂದಿನ ಶನಿವಾರವೂ ಇಲ್ಲ, ಅದರ ಮುಂದಿನದೂ ಇಲ್ಲ. ಮೊದಮೊದಲು ಮಿಷಿನು ತಪ್ಪಿತಲ್ಲ ಎಂದು ಸಮಾಧಾನವಾದದ್ದು ನಿಜ. ಬರಬರುತ್ತಾ ಬೇರೆ ಭಯ ಹತ್ತಿತು. ಅಕ್ಕನಂತೆ ಸ್ವಾಮಿಯೂ ನನ್ನೊಡನೆ ಮಾತು ಬಿಟ್ಟನೇನೋ. ಸಂಜೆ ಫೋನು ನೋಡುತ್ತಾ ಕೂತರೆ ಅಳು ಬರುತ್ತಿತ್ತು.

ಆ ತಿಂಗಳ ಕೊನೆಯ ಶನಿವಾರಕ್ಕೆ ಸೊಸೆ ನನಗೆ ತಿಳಿಸದೆ ಅಕ್ಕನನ್ನು ಕರೆಸಿದಳು. ನನ್ನ ಕಿವಿಯ ಅವಸ್ಥೆಯನ್ನೂ ಅವಳಿಗೆ ಬಿಡಿಸಿ ಹೇಳಿದ್ದಳಂತೆ. ಅಕ್ಕ ಕೋಲೂರಿಕೊಂಡು ಬಂದು, ದೀಪದ ಮುಂದೆ ನನ್ನ ಪಕ್ಕದಲ್ಲಿ ಕೂತಳು. ಎಲ್ಲಿ ಎದ್ದು ಹೋಗುತ್ತಾಳೋ ಎಂದು ಅವತ್ತು ನಾನು ಕಣ್ಣು ಪೂರ್ತಿ ಮುಚ್ಚಲಿಲ್ಲ. ಮನಸ್ಸಿನಲ್ಲಿ ಕೇಳಿ ಮುಗಿಸಿದ್ದೆನಷ್ಟೆ, ಅಕ್ಕ ಬೆರಳು ಮಡಚಿ ನೆಲ ತಟ್ಟಿ "ಕೃಷ್ಣ, ಕೃಷ್ಣ" ಎಂದು ತುಟಿ ಆಡಿಸಿದಳು. ಬಾಗಿಲಲ್ಲಿ ನಿಂತಿದ್ದ ಸೊಸೆಯೂ ಗೋಡೆ ತಟ್ಟಿದಳು. ಹಲ್ಲಿ ನುಡಿದಾಗ ಮಾತ್ರ ನಾವು ಹಾಗೆ ಮಾಡುವುದು.

ಯಾಕಕ್ಕಾ ತಟ್ಟಿದೆ ಎಂದು ಕೇಳಿದೆ. ಅಕ್ಕ ನನ್ನ ಕಿವಿಗೆ ಬಾಯಿಟ್ಟು, "ಹಲ್ಲಿ ಹೇಳ್ತಲ್ಲ ತಂಗಿ, ನಿನ್ ತಲೆ ಮ್ಯಾಲೇನೆ" ಎಂದಳು.

ನಾನು ಸೊಸೆಯ ಕಡೆ ತಿರುಗಿದೆ. ಅವಳು ಹತ್ತಿರ ಬಂದು ಗಟ್ಟಿಯಾಗಿ ಹೇಳಿದಳು. "ವಾರಾವಾರ ಹೇಳ್ತದೆ ಅತ್ತೆ. ನೀವು ಕಣ್ಣ್ ಮುಚ್ಚಿ ಕೂತಿರ್ತೀರಿ, ಅದು ಹೇಳ್ತಾನೇ ಇರ್ತದೆ."

ಕಿವಿ ಕೇಳದವಳು ಹೋಗಿ ಹೋಗಿ ಹಲ್ಲಿಯ ಬಾಯಿಂದ ಉತ್ತರ ಬೇಡಿದ್ದೆ. ಸ್ವಾಮಿ ಒಂದು ವಾರವೂ ತಪ್ಪದೆ ಹೇಳಿದ್ದಾನೆ, ನನಗೇ ಕೇಳಿಲ್ಲ. ನಗುವೂ ಬಂತು, ಅಳುವೂ ಬಂತು. ನಾನು ಏನು ಕೇಳಿಕೊಂಡಿದ್ದೆ ಎಂಬುದನ್ನು ಇಬ್ಬರಿಗೂ ಹೇಳಿಬಿಟ್ಟೆ. ಅಕ್ಕ ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು.

ಮರುದಿನ ಅಕ್ಕ ಬೋಡಿಗೆ ಹೊರಟಳು, ಅದೇ ವಾರ ನಾನು ತೇನಿಗೆ ಹೋಗಿ ಮಿಷಿನು ಹಾಕಿಸಿಕೊಂಡೆ. ಸುಲಭವೇನೂ ಆಗಲಿಲ್ಲ. ತಟ್ಟೆ ಇಟ್ಟರೆ ಬೆಚ್ಚಿಬೀಳುತ್ತಿದ್ದೆ, ಬಸ್ಸಿನ ಹಾರನ್ನಿಗೆ ತಲೆ ಸಿಡಿಯುತ್ತಿತ್ತು. ಕಿತ್ತಿಡೋಣ ಅನ್ನಿಸಿದಾಗಲೆಲ್ಲ ಅಪ್ಪಣೆ ನೆನಪಾಗಿ ತಾಳಿಕೊಂಡೆ. ಒಂದು ಸಂಜೆ ಫೋನು ಬಂತು. ಅಕ್ಕನ ದನಿಗೆ ವಯಸ್ಸಾಗಿತ್ತು, ನಡುನಡುವೆ ನಡುಗುತ್ತಿತ್ತು. ಅದು ಯಾವಾಗ ಹಾಗಾಯಿತೋ ನನಗೆ ಗೊತ್ತೇ ಆಗಿರಲಿಲ್ಲ.

"ಕೇಳ್ತದಾ?" ಎಂದಳು.

"ಕೇಳ್ತದಕ್ಕಾ. ಕಾಲು ನೋವು ಹೆಂಗದೆ?" ಎಂದೆ. ಆ ಕಡೆ ಅವಳು ಮೂಗು ಎಳೆದದ್ದೂ ಕೇಳಿಸಿತು.

ಸ್ವಾಮಿಯ ಉಪಕಾರವನ್ನು ನಾನು ಬಾಯಲ್ಲಿ ಹೇಳಿ ತೀರಿಸಲಾರೆ. ಅವನು ಸುಮ್ಮನಿದ್ದಾನೆ ಎಂದು ಇನ್ನು ಯಾವತ್ತೂ ಅನ್ನುವವಳಲ್ಲ. ಕಳೆದ ಶನಿವಾರ ಏನನ್ನೂ ಬೇಡದೆ ದೀಪದ ಮುಂದೆ ಕಣ್ಣು ಮುಚ್ಚಿ ಕೂತಿದ್ದೆ. ತಲೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಯಾರೂ ಹೇಳಿಕೊಡದೆ ನಾನೇ ನೆಲ ತಟ್ಟಿದೆ.